ಒಂಬತ್ತು ಪಿನ್ನಿನ ಬೋರ್ಡು

ಮಾರ್ಚ್ ೩, ಸೋಮವಾರ

ಕಂಪ್ಯೂಟರನ್ನು ನಾನೇ ಕೂಡಿಸುತ್ತೇನೆ. ಬರೆದಿಟ್ಟರೆ ಹಿಂದೆ ಸರಿಯಲು ನಾಚಿಕೆಯಾಗುತ್ತದೆ ಎಂದು ಇವತ್ತಿನಿಂದ ದಿನಚರಿ ಬರೆಯಲು ಕೂತಿದ್ದೇನೆ. ಓದುವವರು ಯಾರೂ ಇಲ್ಲ, ಹಾಗಾಗಿ ಬಾಯಿಗೆ ಬಂದದ್ದನ್ನು ಬರೆಯಲು ಅಡ್ಡಿಯಿಲ್ಲ.

ನಮ್ಮ ಮನೆ ಪಾಲಾದ ಬಗೆಯನ್ನು ಹೊರಗೆ ಹೇಳಿದರೆ ಜನ ಬಿದ್ದು ಬಿದ್ದು ನಗುತ್ತಾರೆ. ಮಹಡಿ ನಮಗೆ, ಕೆಳಮನೆ ಮೈದುನನಿಗೆ. ಪಾತ್ರೆಗಳಲ್ಲಿ ಸಮಪಾಲು, ಕುರ್ಚಿಗಳಲ್ಲಿ ಸಮಪಾಲು. ಅತ್ತೆಯವರೂ ಪಾಲಾದರು ಎನ್ನಬೇಕು. ಅವರ ಊಟ ಕೆಳಗೆ, ನಿದ್ದೆ ಮೇಲೆ. ಕೊನೆಗೆ ಉಳಿದದ್ದು ಎರಡು ದೊಡ್ಡ ಸಾಮಾನು: ಎಂಬ್ರಾಯ್ಡರಿ ಮೆಷಿನ್, ಮತ್ತು ಅದನ್ನು ಓಡಿಸುವ ಕಂಪ್ಯೂಟರ್. "ಮನೆಗೊಂದು ತಗೊಳ್ಳಿ, ತಕರಾರು ಬೇಡ," ಎಂದರು ಅತ್ತೆ. ಹಿರಿಸೊಸೆ ಎಂದು ಮೊದಲು ಆರಿಸುವ ಹಕ್ಕು ನನಗೆ ಸಿಕ್ಕಿತು. ಮೆಷಿನ್ ಎಂದೆ. ಹನ್ನೆರಡು ಸೂಜಿಯ ದೊಡ್ಡ ಮೆಷಿನ್, ಯಾರ ಕಣ್ಣಿಗಾದರೂ ಅದೇ ಹೆಚ್ಚಿನದಾಗಿ ಕಾಣುತ್ತದೆ. ಎತ್ತು ಒಬ್ಬರಿಗೆ ಗಾಡಿ ಒಬ್ಬರಿಗೆ ಕೊಟ್ಟ ಹಾಗಾಯಿತು ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಅವತ್ತಿನಿಂದ ಮೆಷಿನ್ ನಮ್ಮ ಹಾಲಿನಲ್ಲಿ ಬೆಡ್‌ಶೀಟ್ ಹೊದ್ದುಕೊಂಡು ಕೂತಿದೆ.

ಜಗಳದ ಮೂಲ ಒಂದು ಹಕ್ಕಿಯ ಕೊಕ್ಕು. ಚಿತ್ರವನ್ನು ಕಂಪ್ಯೂಟರಿನಲ್ಲಿ ಹೊಲಿಗೆಯಾಗಿ ಬಿಡಿಸುವ ಕೆಲಸ, ಪಂಚಿಂಗ್ ಎನ್ನುತ್ತೇವೆ, ಅದು ಮೈದುನನ ಹೆಂಡತಿಯದು. ದಾರ, ಸೂಜಿ, ಬಟ್ಟೆ ನನ್ನದು. ಸ್ಕೂಲಿನ ಬ್ಯಾಡ್ಜಿನಲ್ಲಿದ್ದ ಹಕ್ಕಿಯ ಕೊಕ್ಕಿನಲ್ಲಿ ದಾರ ಎದ್ದು ಬಂದು ಇಡೀ ಮೂಟೆ ವಾಪಸ್ ಬಂತು. ಪಂಚಿಂಗ್ ಕೆಟ್ಟಿದೆ ಎಂದೆ ನಾನು. ದಾರದ ಟೆನ್ಷನ್, ಅಂದರೆ ಬಿಗಿ, ಕೆಟ್ಟಿದೆ ಎಂದಳು ಅವಳು. ಕೊಕ್ಕಿನಿಂದ ಶುರುವಾದ ಮಾತು ಒಲೆ ಬೇರೆಯಾಗುವವರೆಗೆ ಹೋಯಿತು. ಅವಳ ಹೆಸರನ್ನು ಇದರಲ್ಲಿ ಬರೆಯುವುದಿಲ್ಲ. ಕೆಳಗಿನವಳು, ಅಷ್ಟು ಸಾಕು.

ಇವತ್ತು ಬೆಳಿಗ್ಗೆ ಆ ಸ್ಕೂಲಿನ ಸ್ಟೋರ್ ನೋಡಿಕೊಳ್ಳುವ ಮೇಡಂ ಮಹಡಿ ಹತ್ತಿ ಬಂದರು. "ಸ್ಕೂಲಿನ ಗುರುತು ಬದಲಾಗಿದೆ. ಹಕ್ಕಿ ಅದೇ, ಆದ್ರೆ ಈಗ ರೆಕ್ಕೆ ಬಿಚ್ಚಿದೆ. ತಿಂಗಳ ಕೊನೆಯೊಳಗೆ ಬ್ಯಾಡ್ಜು ಮಾಡಿಕೊಡೋಕೆ ಆಗುತ್ತಾ? ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಹೋದ ಸಲದ ಥರ ಮಾಡ್ಬೇಡಿ," ಎಂದರು. ಆಗುತ್ತೆ ಎಂದುಬಿಟ್ಟೆ. ಅವರು ಮೆಟ್ಟಿಲು ಇಳಿದ ಮೇಲೆ ಹೇಗೆ ಎಂದು ಯೋಚಿಸಲು ಶುರುಮಾಡಿದೆ.

ಇವರು ಲಿಫ್ಟ್ ರಿಪೇರಿ ಮುಗಿಸಿ ಬಂದವರು ವಿಷಯ ಕೇಳಿ ತಲೆ ಚಚ್ಚಿಕೊಂಡರು. "ಹಾಲಲ್ಲಿ ಆನೆ ಕಟ್ಟಿದ ಹಾಗಿದೆ. ಕಾಲು ಚಾಚಿ ಕೂರೋಕೆ ಜಾಗ ಇಲ್ಲ. ನಾನಾಗ್ಲೇ ಒಬ್ಬನಿಗೆ ಮಾತು ಕೊಟ್ಟಾಗಿದೆ, ತಿಂಗಳ ಕೊನೆಗೆ ಬಂದು ಎತ್ಕೊಂಡು ಹೋಗ್ತಾನೆ."

"ಅಷ್ಟರೊಳಗೆ ಮೆಷಿನ್ ಓಡಿದ್ರೆ?"

"ಓಡಿದ್ರೆ ಇಟ್ಕೋ. ನಂಗೇನು."

ಈ ಮಾತಿಗೆ ಅತ್ತೆ ಸಾಕ್ಷಿ. ಮೆಷಿನ್ ಹೋದರೆ ಈ ಮನೆಯಲ್ಲಿ ನನ್ನದು ಎನ್ನುವ ಕೆಲಸವೇ ಇರುವುದಿಲ್ಲ. ಅದು ನನ್ನಿಂದ ಆಗದು. ಓಡಿಸಿಯೇ ತೀರುತ್ತೇನೆ.

ಮಾರ್ಚ್ ೫, ಬುಧವಾರ

ದೊಡ್ಡ ರಸ್ತೆಯ ಗಾಜಿನ ಅಂಗಡಿಗೆ ಹೋಗಿದ್ದೆ. ಬಾಗಿಲು ತಾನೇ ತೆರೆದುಕೊಂಡಿತು. ಅಷ್ಟೇ, ಆಮೇಲೆ ಯಾವುದೂ ತಾನಾಗಿ ಆಗಲಿಲ್ಲ.

"ಯಾವ ಕೆಲಸಕ್ಕೆ ಮೇಡಂ ಕಂಪ್ಯೂಟರ್?" ಎಂದ ಇಸ್ತ್ರಿ ಅಂಗಿಯವನು.

"ಎಂಬ್ರಾಯ್ಡರಿ ಡಿಸೈನು."

"ಓ, ಡಿಸೈನಾ! ಹಾಗಾದ್ರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು," ಎಂದು ಇಟ್ಟಿಗೆಯಷ್ಟು ದಪ್ಪದ ಒಂದು ಕಾರ್ಡನ್ನು ಎರಡು ಕೈಯಲ್ಲಿ ಎತ್ತಿ ತಂದ. ಅದಕ್ಕೆ ಮೂರು ಫ್ಯಾನು, ಬಣ್ಣಬಣ್ಣದ ದೀಪ. ನಮ್ಮ ಹಾಲಿಗೆ ಇರುವುದು ಒಂದೇ ಫ್ಯಾನು.

"ಬ್ಯಾಡ್ಜು ಹೊಲಿಯೋಕೆ ಇಷ್ಟೆಲ್ಲ ಬೇಕಾ?"

"ಮುಂದಕ್ಕೆ ಇರ್ಲಿ ಮೇಡಂ. ಫ್ಯೂಚರ್ ನೋಡ್ಬೇಕಲ್ಲ."

ನನ್ನ ಫ್ಯೂಚರ್ ಈ ತಿಂಗಳ ಕೊನೆಗೆ ಮುಗಿಯುತ್ತದೆ ಎಂದು ಅವನಿಗೆ ಹೇಗೆ ಹೇಳಲಿ. ಮೆಷಿನ್ ಹಳೆಯದು, ಅದಕ್ಕೆ ಒಂಬತ್ತು ಪಿನ್ನಿನ ಹಳೇ ಸೀರಿಯಲ್ ಪೋರ್ಟಿನಿಂದಲೇ ಡಿಸೈನ್ ಕಳಿಸಬೇಕು, ಅಂಥದ್ದಿರುವ ಕಂಪ್ಯೂಟರ್ ಕೊಡಿ ಎಂದೆ. ಅವನು ಒಳಗಿದ್ದ ಇನ್ನೊಬ್ಬನ ಮುಖ ನೋಡಿದ. "ಅದೆಲ್ಲ ಈಗ ಮ್ಯೂಸಿಯಂನಲ್ಲಿ ಸಿಗುತ್ತೆ. ಯುಎಸ್‌ಬಿಗೆ ಒಂದು ಕನ್ವರ್ಟರ್ ಹಾಕ್ಕೊಳ್ಳಿ." ಕನ್ವರ್ಟರಿನ ಸುಖ ನಾವು ಒಮ್ಮೆ ಉಂಡಿದ್ದೇವೆ. ಅರ್ಧ ಹಕ್ಕಿ ಹೊಲಿದು ಮೆಷಿನ್ ನಿಂತುಬಿಡುತ್ತದೆ, ಸೂಜಿ ಬಟ್ಟೆಯಲ್ಲೇ ಸಿಕ್ಕಿಕೊಂಡಿರುತ್ತದೆ. ಕಂಪ್ಯೂಟರಿನೊಳಗಿನ ಮದರ್‌ಬೋರ್ಡಿನಲ್ಲೇ ಪೋರ್ಟ್ ಇದ್ದರೆ ಮಾತ್ರ ಅದಕ್ಕೆ ಸಮಾಧಾನ.

ಬಾಗಿಲು ಮತ್ತೆ ತಾನೇ ತೆರೆದುಕೊಂಡಿತು, ಹೊರಗೆ ಬಂದೆ.

ಮಾರ್ಚ್ ೭, ಶುಕ್ರವಾರ

ಸರಿಯಾದ ಅಂಗಡಿ ಸಿಕ್ಕಿತು. ಔಷಧಿ ಅಂಗಡಿಯ ಪಕ್ಕದ ಮೆಟ್ಟಿಲ ಕೆಳಗೆ, ಬಗ್ಗಿ ಒಳಗೆ ಹೋಗಬೇಕು. ಗೋಡೆ ತುಂಬ ಸತ್ತ ಕಂಪ್ಯೂಟರುಗಳು. ಅಂಗಡಿಯವನು ಸೆಕೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿರುತ್ತಾನೆ. ಯಾಕೆ ಎಂದು ಕೇಳಲಿಲ್ಲ, ಅವನೂ ನನಗೆ ಬೇಡದ್ದನ್ನು ಕೇಳಲಿಲ್ಲ.

ಬ್ಯಾಡ್ಜು ಹೊಲಿಯುವ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಬೇಕಾ ಎಂದು ಮೊದಲೇ ಕೇಳಿದೆ. "ಎಂತಕ್ಕಮ್ಮ? ಯುದ್ಧದ ಆಟ ಆಡ್ತೀರಾ?" ಎಂದ. ಆಡುವುದಿಲ್ಲ ಎಂದೆ. "ಹಾಗಾದ್ರೆ ಬೇಡ. ಬೋರ್ಡಿನ ಬೆನ್ನಲ್ಲೇ ಮಾನಿಟರಿಗೆ ಜಾಗ ಇರುತ್ತೆ, ಚಿತ್ರ ಅಲ್ಲಿಂದಾನೇ ಬರುತ್ತೆ. ಬ್ಯಾಡ್ಜಿಗೆ ಅಷ್ಟು ಧಾರಾಳ ಸಾಕು." ನನಗೆ ಅವನ ಮೇಲೆ ಅಲ್ಲೇ ಗೌರವ ಬಂತು.

ಒಂಬತ್ತು ಪಿನ್ನಿನ ವಿಷಯ ಎತ್ತಿದಾಗ ಮಾತ್ರ ಮಫ್ಲರ್ ಸರಿಮಾಡಿಕೊಂಡು ನನ್ನನ್ನು ನೋಡಿದ. "ಇತ್ತೀಚೆಗೆ ಇದನ್ನ ಕೇಳ್ತಿರೋರಲ್ಲಿ ನೀವು ಎರಡನೆಯವರು. ಇನ್ನೊಬ್ರು ಆಗಾಗ ಬಂದು ವಿಚಾರಿಸ್ತಾನೇ ಇರ್ತಾರೆ. ದೊಡ್ಡ ಬೋರ್ಡುಗಳಲ್ಲಿ ಇದನ್ನ ತೆಗೆದುಹಾಕಿದ್ದಾರೆ. ಕಡಿಮೆ ಬೆಲೆಯ ಆಫೀಸು ಬೋರ್ಡುಗಳಲ್ಲೇ ಹುಡುಕ್ಬೇಕು. ನೋಡೋಣ, ತರಿಸ್ತೀನಿ."

ಬೇರೆಯವರ ಕಥೆ ನನಗೆ ಬೇಕಿರಲಿಲ್ಲ. ಮೊದಲು ನನಗೆ ತರಿಸಿ ಎಂದು ಎರಡು ಸಲ ಹೇಳಿ ಬಂದೆ.

ಮಾರ್ಚ್ ೧೦, ಸೋಮವಾರ

ಸಾರು ಕುದಿಯುವಾಗಲೂ ಬೋರ್ಡಿನದೇ ಧ್ಯಾನ. ಮಫ್ಲರಿನವನು ಮೂರು ಬೋರ್ಡುಗಳ ಫೋಟೋ ಕಳಿಸಿದ್ದಾನೆ. ಒಂದರಲ್ಲಿ ಎಲ್ಲ ಇದೆ, ದೀಪಾಲಂಕಾರವೂ ಇದೆ, ಒಂಬತ್ತು ಪಿನ್ ಇಲ್ಲ. ಇನ್ನೊಂದರಲ್ಲಿ ಆ ಜಾಗ ಇದೆ, ಹೆಸರೂ ಬರೆದಿದೆ, ಆದರೆ ಪಿನ್ ಇರಬೇಕಾದಲ್ಲಿ ಬರೀ ತೂತು. ಕಂಜೂಸರು, ಎರಡು ಸಾಲು ತಂತಿ ಉಳಿಸಿದ್ದಾರೆ. ಮೂರನೆಯದು ನೋಡಲು ಬಡಪಾಯಿ. ಅಂಗೈ ಎರಡು ಜೋಡಿಸಿದಷ್ಟೇ ಅಗಲ, ಮೆಮೊರಿಗೆ ಎರಡೇ ಸಾಲು. ಆದರೆ ಮೂಲೆಯಲ್ಲಿ ಪಿನ್ನುಗಳು ಎದ್ದು ನಿಂತಿವೆ. ಇವರ ಭೂತಗನ್ನಡಿಯಲ್ಲಿ ನೋಡಿ ಒಂದೊಂದಾಗಿ ಎಣಿಸಿದೆ. ಅದೇ ಎಂದು ತೀರ್ಮಾನಿಸಿದೆ.

ಇವರು ತಟ್ಟೆ ಮುಂದೆ ಕೂತು, "ನಮ್ಮ ಮದುವೆಗೆ ಮುಂಚೆ ನನ್ನ ಫೋಟೋನ ಇಷ್ಟು ಗಮನ ಕೊಟ್ಟು ನೋಡಿದ್ಯಾ?" ಎಂದರು. ನೋಡಿದ್ದರೆ ಪರಿಸ್ಥಿತಿಯೇ ಬೇರೆ ಇರುತ್ತಿತ್ತು ಎಂದೆ.

ಅತ್ತೆ ಹಾಸಿಗೆಯಿಂದಲೇ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ಅದಕ್ಕೆ ಮದರ್ ಅಂತ ಯಾಕಮ್ಮ ಹೆಸರು?" ಎಂದರು.

"ಎಲ್ಲ ಭಾಗಗಳನ್ನೂ ಒಂದೇ ಕಡೆ ಕೂರಿಸಿಕೊಂಡು ಕೆಲಸ ಮಾಡಿಸುತ್ತೆ ಅತ್ತೆ, ಅದಕ್ಕಿರಬೇಕು."

"ಹಾಗಾದ್ರೆ ನನ್ನನ್ನ ಯಾವ ಅಂಗಡಿಯವನೂ ಕೊಳ್ಳಲ್ಲ ಬಿಡು," ಎಂದು ಆ ಕಡೆ ತಿರುಗಿ ಮಲಗಿದರು. ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಮಾರ್ಚ್ ೧೨, ಬುಧವಾರ

ಬೋರ್ಡು ನನ್ನ ಕೈಯಲ್ಲಿದೆ!

ಫೋನ್ ಮಾಡುತ್ತೇನೆ ಎಂದಿದ್ದ. ಫೋನಿಗೆ ಕಾಯುವ ಪೈಕಿ ನಾನಲ್ಲ, ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗಲೇ ಹೋಗಿ ನಿಂತೆ. ಡಬ್ಬ ಮೇಜಿನ ಮೇಲಿತ್ತು. "ಒಂದೇ ಬಂದಿದೆ ಅಮ್ಮ. ಹಳೇ ಸ್ಟಾಕಿನ ಕೊನೇದು. ಆ ಇನ್ನೊಬ್ರು ನಿಮಗಿಂತ ಮುಂಚೆ ಹೇಳಿದ್ರು..." ಎಂದು ರಾಗ ಎಳೆದ.

"ಅವರು ಇಲ್ಲಿದ್ದಾರಾ?"

"ಇಲ್ಲ."

"ನಾನಿದ್ದೀನಿ," ಎಂದು ಡಬ್ಬ ಎತ್ತಿಕೊಂಡೆ.

ಪಿನ್ನಿನಿಂದ ಹೊರಗಿನ ಪೋರ್ಟಿಗೆ ಎಳೆಯುವ ಪುಟ್ಟ ಪಟ್ಟಿಯನ್ನೂ ಕೊಟ್ಟ. "ಪ್ರೊಸೆಸರ್ ಇದೆಯಾ ನಿಮ್ಮ ಹತ್ರ?" ಎಂದ. ಇದೆ, ಇದೇ ತಲೆಮಾರಿನದು, ಇದರಲ್ಲಿ ಕೂರುತ್ತೆ ಎಂದೆ. "ಯಾವ್ದು? ನಂಬರ್ ಹೇಳಿ," ಎಂದು ಅವನು ಕೇಳುತ್ತಿದ್ದ. ಅಷ್ಟರಲ್ಲಿ ನಾನು ಬಗ್ಗಿ ಹೊರಗೆ ಬಂದಿದ್ದೆ. ಆ ಇನ್ನೊಬ್ಬರು ಬಂದುಬಿಟ್ಟರೆ ಎಂಬ ಭಯ.

ಪ್ರೊಸೆಸರ್ ಪುಕ್ಕಟೆ ಸಿಕ್ಕಿದ್ದು. ಇವರ ಜೊತೆ ಲಿಫ್ಟ್ ರಿಪೇರಿ ಮಾಡುವ ಗೆಳೆಯ ಆಟದ ಹುಚ್ಚಿಗೆ ಹೊಸ ಕಂಪ್ಯೂಟರ್ ತೆಗೆದುಕೊಂಡು ಹಳೆಯದರ ಪ್ರೊಸೆಸರ್, ಮೆಮೊರಿ, ಡಿಸ್ಕು ಎಲ್ಲ ಕೊಟ್ಟಿದ್ದಾನೆ. ಮಾನಿಟರ್, ಪೆಟ್ಟಿಗೆ ಇವರ ಆಫೀಸಿನಲ್ಲಿ ಬಿಸಾಡಿದ್ದು. ಬೇಕಾದದ್ದೆಲ್ಲ ಬಂದಾಯಿತು. ಪಂಚಿಂಗ್ ಒಂದು ಬಾಕಿ. ಅದೇನು ಮಹಾ, ನೋಡಿ ಕಲಿತರಾಯಿತು.

ಡಬ್ಬ ಹಿಡಿದು ಮೆಟ್ಟಿಲು ಹತ್ತುವಾಗ ಕೆಳಗಿನವಳು ಬಟ್ಟೆ ಬಕೆಟ್ ಹಿಡಿದು ಇಳಿಯುತ್ತಿದ್ದಳು. ಡಬ್ಬದ ಮೇಲಿನ ಚಿತ್ರ ನೋಡಿ ಹಾಗೇ ನಿಂತಳು. ನೋಡಿಕೊಳ್ಳಲಿ. ನಾನು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟೆ, ಮಾತು ಬಿಡಲಿಲ್ಲ.

ಮಾರ್ಚ್ ೧೫, ಶನಿವಾರ

ಆಗಲಿಲ್ಲ.

ಇಸ್ತ್ರಿ ಮೇಜಿನ ಮೇಲೆ ಹಾಳೆ ಹಾಸಿ, ಬಳೆ ತೆಗೆದಿಟ್ಟು, ಒಂದೊಂದೇ ಸ್ಕ್ರೂ ಹಾಕಿದೆ. ಪ್ರೊಸೆಸರನ್ನು ಜಾಗ ನೋಡಿ ಕೂರಿಸಿದೆ. ಸ್ವಿಚ್ ಹಾಕಿದರೆ ಫ್ಯಾನ್ ತಿರುಗಿತು. ಇವರು ಚಪ್ಪಾಳೆ ತಟ್ಟಿದರು. ಮಾನಿಟರ್ ಮಾತ್ರ ಕಪ್ಪು. ವೈರು ಬಿಚ್ಚಿ ಹಾಕಿದೆ, ಮೆಮೊರಿ ಆ ಸಾಲಿನಿಂದ ಈ ಸಾಲಿಗೆ ಹಾಕಿದೆ, ಮಾನಿಟರಿನ ತಲೆಗೆ ಎರಡು ಬಾರಿಸಿದೆ. ಫ್ಯಾನ್ ತಿರುಗುತ್ತಲೇ ಇದೆ, ಚಿತ್ರ ಇಲ್ಲ.

"ಹೋಗ್ಲಿ ಬಿಡು, ನೀನಂತೂ ಪ್ರಯತ್ನ ಮಾಡ್ದೆ," ಎಂದರು ಇವರು. ಸಮಾಧಾನದ ಆ ಮಾತು ಕೇಳಿಯೇ ಅಳು ಬಂತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತುಬಿಟ್ಟೆ.

ಮೋಸ. ಸತ್ತ ಬೋರ್ಡು ಕೊಟ್ಟಿದ್ದಾನೆ. ಸೋಮವಾರ ಅಂಗಡಿ ತೆರೆಯಲಿ, ಅವನ ಮಫ್ಲರ್ ಬಿಚ್ಚಿಸುತ್ತೇನೆ.

ಮಾರ್ಚ್ ೧೭, ಸೋಮವಾರ

ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. ಔಷಧಿ ಅಂಗಡಿಯ ಗಿರಾಕಿಗಳೂ ಬಗ್ಗಿ ನೋಡಿದರು. ಮಫ್ಲರಿನವನು ಒಂದು ಮಾತೂ ಎದುರಾಡಲಿಲ್ಲ. ಬೋರ್ಡಿನಿಂದ ನನ್ನ ಪ್ರೊಸೆಸರ್ ತೆಗೆದು, ತನ್ನ ಡ್ರಾಯರಿನದೊಂದು ಕೂರಿಸಿ, ಸ್ವಿಚ್ ಒತ್ತಿದ. ಮಾನಿಟರ್ ಬೆಳಗಿತು. ನನ್ನ ಬೋರ್ಡು, ನನ್ನ ಮೆಮೊರಿ, ಚಿತ್ರ ಪಳಪಳ ಎನ್ನುತ್ತಿತ್ತು.

"ಬೋರ್ಡು ಗಟ್ಟಿಯಾಗಿದೆ ಅಮ್ಮ," ಎಂದ. "ಮಾನಿಟರಿಗೆ ಕಿಂಡಿ ಇರೋದು ಬೋರ್ಡಲ್ಲಿ. ಆದ್ರೆ ಚಿತ್ರ ಬಿಡಿಸೋದು ಪ್ರೊಸೆಸರ್ ಒಳಗೆ. ನಿಮ್ಮದು ಆಟದೋರ ಪ್ರೊಸೆಸರು. ಅವರು ಹೇಗೂ ದೊಡ್ಡ ಕಾರ್ಡ್ ಹಾಕ್ಕೋತಾರೆ ಅಂತ ಇದರಲ್ಲಿ ಚಿತ್ರದ ಭಾಗಾನೇ ಇಟ್ಟಿಲ್ಲ. ಅದಕ್ಕೇ ನಂಬರ್ ಕೇಳಿದ್ದು ನಾನು. ನೀವು ಹೊರಟುಬಿಟ್ರಿ."

ನೆಲ ಬಾಯಿ ತೆರೆಯಬಾರದೇ ಎನಿಸಿತು. ಕ್ಷಮಿಸಿ ಎಂದೆ. ಕುಡಿಯಲು ನೀರು ಕೊಟ್ಟ. ಡ್ರಾಯರಿನದು ಪರೀಕ್ಷೆಗೆ ಇಟ್ಟುಕೊಂಡದ್ದು, ಮಾರುವುದಿಲ್ಲವಂತೆ. ಹೊಸದಕ್ಕೆ ನನ್ನ ಕೈ ಮುಟ್ಟುವುದಿಲ್ಲ, ಇದ್ದ ದುಡ್ಡೆಲ್ಲ ಬೋರ್ಡಿಗೆ ಸುರಿದಾಗಿದೆ.

"ಒಂದು ದಾರಿ ಇದೆ," ಎಂದ ಅವನು. "ಆ ಇನ್ನೊಬ್ರ ಹತ್ರ ಚಿತ್ರ ಇರೋ ಪ್ರೊಸೆಸರ್ ಇದೆ. ಇದೇ ತಲೆಮಾರಿನದು. ಅವರ ಬೋರ್ಡು ಸುಟ್ಟುಹೋಗಿದೆ. ನಿಮ್ಮ ಹತ್ರ ಬೋರ್ಡಿದೆ, ಅವರ ಹತ್ರ ಪ್ರೊಸೆಸರಿದೆ. ಕೇಳಿ ನೋಡ್ಲಾ?"

ಕೇಳಿ ಎಂದೆ. ಕೈಯಲ್ಲಿ ಬೋರ್ಡು ಹಿಡಿದಿದ್ದರಿಂದ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರಿಗೆ ಹಾಕಿದ.

"ಅಮ್ಮಾ, ನೀವು ಕೇಳ್ತಿದ್ದ ಬೋರ್ಡು ತಗೊಂಡೋರು ಇಲ್ಲೇ ಇದ್ದಾರೆ. ಅವರಿಗೆ ಪ್ರೊಸೆಸರ್ ಬೇಕಂತೆ. ನೀವು ಮಾರ್ತೀರಾ? ಇಲ್ಲಾ ಅವರ ಬೋರ್ಡೇ ನೀವು ತಗೋತೀರಾ?"

ಆ ಕಡೆಯಿಂದ ಧ್ವನಿ ಬಂತು. "ಬೋರ್ಡು ಬೇಡ. ಅವರದು ಅವರ ಹತ್ರಾನೇ ಇರ್ಲಿ. ಪ್ರೊಸೆಸರ್ ಮಾರೋಕಿಲ್ಲ. ಬೇಕಾದ್ರೆ ಅವರೇ ಬಂದು ಕೇಳ್ಲಿ."

ದಿನವೂ ಮೆಟ್ಟಿಲ ಬುಡದಲ್ಲಿ ನಿಂತು "ಅತ್ತೇ, ಊಟ" ಎಂದು ಕೂಗುವ ಧ್ವನಿ ಅದು.

"ನಿಮಗೆ ಗೊತ್ತಿರೋರಾ?" ಎಂದ ಮಫ್ಲರಿನವನು, ನನ್ನ ಮುಖ ನೋಡಿ.

ಗೊತ್ತಿಲ್ಲ ಎಂದೆ.

ಮಾರ್ಚ್ ೧೮, ಮಂಗಳವಾರ

ಕೋಪ ಇಳಿದಿಲ್ಲ. ಅವಳ ಕಂಪ್ಯೂಟರ್ ಸತ್ತು ಕೂತಿದೆ! ಅತ್ತೆಯ ಬಾಯಿ ಬಿಡಿಸಿದೆ. ಕರೆಂಟ್ ಮೀಟರ್ ಬೇರೆ ಮಾಡಿಸಿದ ದಿನ ವೈರಿನವನು ಏನೋ ಎಡವಟ್ಟು ಮಾಡಿ, ಢಬ್ ಎಂದು ಸದ್ದಾಗಿ ಬೋರ್ಡು ಸುಟ್ಟಿತಂತೆ. ಆ ದಿನದಿಂದ ಅವಳು ಚೀಲ ಏರಿಸಿಕೊಂಡು ಠೀವಿಯಿಂದ ಹೊರಡುವುದು ಯಾರದೋ ಅಂಗಡಿಯಲ್ಲಿ, ಯಾರದೋ ಕಂಪ್ಯೂಟರಿನಲ್ಲಿ, ಯಾರಿಗೋ ಪಂಚಿಂಗ್ ಮಾಡಿಕೊಡುವುದಕ್ಕೆ.

"ನಂಗ್ಯಾಕೆ ಹೇಳಲಿಲ್ಲ ನೀವು?" ಎಂದೆ.

"ಹೇಳ್ಬೇಡಿ ಅಂದಿದ್ಲು. ನಿನ್ನ ವಿಷಯ ಅವಳಿಗೆ ಹೇಳ್ಬೇಡಿ ಅಂತ ನೀನೂ ಅಂದಿದ್ದೆ. ಇಬ್ಬರ ಮಾತೂ ಇಟ್ಕೊಂಡು ನಂಗೆ ಹೊಟ್ಟೆ ಉಬ್ಬರ ಬಂದಿದೆ," ಎಂದರು ಅತ್ತೆ.

ಆದರೆ ಒಂಬತ್ತು ಪಿನ್ ಯಾಕೆ ಅವಳಿಗೆ? ಪಂಚಿಂಗ್ ಮಾಡಲು ಯಾವ ಬೋರ್ಡಾದರೂ ಸಾಕು. ಅಂಥವು ಮಫ್ಲರಿನವನ ಹತ್ತಿರ ರಾಶಿ ಬಿದ್ದಿವೆ, ತೆಗೆದುಕೊಂಡಿದ್ದರೆ ಇಷ್ಟು ಹೊತ್ತಿಗೆ ಅವಳ ಕಂಪ್ಯೂಟರ್ ಓಡುತ್ತಿತ್ತು. ಅದು ಬಿಟ್ಟು ಹಳೇ ಪೋರ್ಟೇ ಬೇಕು ಎಂದು ಅಂಗಡಿ ಸುತ್ತುತ್ತಾಳೆ. ಹೊಟ್ಟೆಕಿಚ್ಚು, ಮತ್ತೇನು. ನನಗೆ ಸಿಗಬಾರದು ಎಂದು. ಈಗ ಹೋಗಿ ಕೈ ಚಾಚಬೇಕಂತೆ. ಅವಳ ಮುಂದೆ ಹೋಗುವುದಕ್ಕಿಂತ ಕೈಯಲ್ಲೇ ಬ್ಯಾಡ್ಜು ಹೊಲಿಯುತ್ತೇನೆ.

ಮಾರ್ಚ್ ೧೯, ಬುಧವಾರ

ಕೈಯಲ್ಲಿ ಒಂದು ರೆಕ್ಕೆ ಹೊಲಿದೆ. ಕೋಳಿಯ ಹಾಗಾಯಿತು.

ಮಾರ್ಚ್ ೨೦, ಗುರುವಾರ

ಮೆಷಿನ್ ಕೊಳ್ಳುವವನು ಮುಂಚಿತವಾಗಿ ನೋಡಿಹೋಗಲು ಬಂದಿದ್ದ. ಬೆಡ್‌ಶೀಟ್ ಸರಿಸಿ, ಟೇಪು ಹಿಡಿದು ಬಾಗಿಲ ಅಗಲ ಅಳೆದ. ಎಲ್ಲಿ ಇಡುತ್ತೀರಿ ಎಂದು ಕೇಳಿದೆ, ಅದಕ್ಕೆ ಗಾಳಿ ಬೆಳಕು ಬೇಕು ಎಂದು ಹೇಳುವುದಿತ್ತು.

"ಇಡೋದೆಲ್ಲಿ ಬಂತು? ಬಿಚ್ಚಿ ಮಾರೋದು. ಮೋಟರು ಒಬ್ಬರಿಗೆ, ತಲೆ ಒಬ್ಬರಿಗೆ, ಸೂಜಿ ಬಾರ್‌ಗಳು ಬಿಡಿಬಿಡಿ. ಇಡಿಯಾಗಿ ಯಾರೂ ತಗೊಳ್ಳಲ್ಲ ಇವನ್ನ," ಎಂದ.

ಅವನು ಹೋದ ಮೇಲೆ ಸೂಜಿಗಳಿಗೆಲ್ಲ ಒಂದೊಂದು ಹನಿ ಎಣ್ಣೆ ಬಿಟ್ಟೆ. ಓಡದ ಮೆಷಿನ್ನಿಗೆ ಎಣ್ಣೆ ಯಾಕೆ ಎಂದು ಇವರೂ ಕೇಳಲಿಲ್ಲ. ನಾಳೆ ಕೆಳಗೆ ಹೋಗುತ್ತೇನೆ. ಬೇಡಲು ಅಲ್ಲ, ವ್ಯಾಪಾರಕ್ಕೆ.

ಮಾರ್ಚ್ ೨೧, ಶುಕ್ರವಾರ

ಬೋರ್ಡಿನ ಡಬ್ಬ ಹಿಡಿದು ಮಧ್ಯಾಹ್ನ ಕೆಳಗೆ ಹೋದೆ. ಓರಗಿತ್ತಿ ಒಬ್ಬಳೇ ಇದ್ದಳು, ಅತ್ತೆ ಊಟ ಮುಗಿಸಿ ಕಿಟಕಿಯ ಬಳಿ ತೂಕಡಿಸುತ್ತಿದ್ದರು. ಮನೆ ಪಾಲಾದ ಮೇಲೆ ನಾನು ಆ ಹೊಸಿಲು ದಾಟಿದ್ದು ಇದೇ ಮೊದಲು. ಗೋಡೆ ಬಣ್ಣ ಅದೇ ಇದೆ.

"ಬಂದು ಕೇಳ್ಬೇಕು ಅಂದ್ಯಂತಲ್ಲ. ಬಂದಿದ್ದೀನಿ," ಎಂದೆ.

"ಕೂತ್ಕೊಳ್ಳಿ ಅಕ್ಕಾ."

"ಕೂರೋಕೆ ಬಂದಿಲ್ಲ. ಪ್ರೊಸೆಸರಿಗೆ ಏನು ಬೇಕು ಹೇಳು. ಆದ್ರೆ ಅದಕ್ಕೂ ಮುಂಚೆ ಒಂದು ಮಾತು. ಪಂಚಿಂಗ್‌ಗೆ ಯಾವ ಬೋರ್ಡಾದ್ರೂ ಸಾಕಿತ್ತು. ಮೆಷಿನ್ ಇಲ್ಲದವಳಿಗೆ ಒಂಬತ್ತು ಪಿನ್ ಯಾಕೆ ಬೇಕಾಗಿತ್ತು? ನಂಗೆ ಸಿಗ್ಬಾರ್ದು ಅಂತ ತಾನೆ?"

ಅವಳು ಎದ್ದು ಹೋಗಿ ಗೂಡಿನಿಂದ ಸೂಜಿ ಡಬ್ಬಿ ತಂದಳು. ಒಳಗೆ, ಪ್ಲಾಸ್ಟಿಕ್ ಕವಚದಲ್ಲಿ, ಪ್ರೊಸೆಸರ್ ಇತ್ತು. ಅದನ್ನು ನನ್ನ ಡಬ್ಬದ ಮೇಲೆ ಇಟ್ಟಳು.

"ನನ್ನ ಬೋರ್ಡು ಸುಟ್ಟಾಗ ಯಾವುದೋ ಒಂದು ಹಾಕಿಸ್ಕೊಳ್ಳಿ ಅಂದ್ರು ಅಂಗಡಿಯವ್ರು. ನಂಗೆ ಮನಸ್ಸಾಗ್ಲಿಲ್ಲ. ಯಾವತ್ತೋ ಒಂದು ದಿನ ನೀವು ಮೇಲಿಂದ ಕರೀತೀರ ಅಂದ್ಕೊಂಡಿದ್ದೆ. ಕರೆದಾಗ ಪೋರ್ಟ್ ಇಲ್ಲ ಅಂತಾಗ್ಬಾರ್ದಲ್ಲ ಅಕ್ಕಾ."

ಸ್ಕ್ರೂಡ್ರೈವರ್ ಮರೆತಿದ್ದೇನೆ, ತರುತ್ತೇನೆ ಎಂದು ಹೊರಗೆ ಬಂದೆ. ಅದು ನನ್ನ ಕೈಯಲ್ಲೇ ಇತ್ತು. ಮೆಟ್ಟಿಲ ಮೇಲೆ ಕೂತು ಚೆನ್ನಾಗಿ ಅತ್ತುಕೊಂಡೆ, ಈ ಸಲ ನಲ್ಲಿ ಬಿಡುವ ಉಪಾಯವೂ ಇರಲಿಲ್ಲ. ವಾಪಸ್ ಹೋದಾಗ ಅವಳೂ ಮುಖ ತೊಳೆದುಕೊಂಡಿದ್ದಳು. ಅತ್ತೆ ಕಣ್ಣು ಮುಚ್ಚಿದ್ದರೂ ತೂಕಡಿಕೆ ನಿಂತಿತ್ತು.

ಅವಳ ಕಂಪ್ಯೂಟರಿನ ಪೆಟ್ಟಿಗೆಯಲ್ಲಿ ನನ್ನ ಬೋರ್ಡು ಬಿಗಿದೆ, ಪ್ರೊಸೆಸರನ್ನು ಅವಳೇ ಕೂರಿಸಿದಳು. ಚಿತ್ರ ಬಂತು. ಇಬ್ಬರೂ ಒಟ್ಟಿಗೆ "ಬಂತು" ಎಂದು ಕೂಗಿದ್ದಕ್ಕೆ ಅತ್ತೆ ಕಣ್ಣು ಬಿಟ್ಟು, "ಯಾರು ಬಂದ್ರು?" ಎಂದರು.

ಮಾರ್ಚ್ ೨೫, ಮಂಗಳವಾರ

ಕಂಪ್ಯೂಟರನ್ನು ಮೇಲಕ್ಕೆ ಹೊತ್ತು ತಂದಿದ್ದೇವೆ. ಕಂಪ್ಯೂಟರಿನಿಂದ ಮೆಷಿನ್ನಿಗೆ ಹೋಗುವ ಹಳೇ ಕೇಬಲ್ಲನ್ನು ಇಲಿ ಕಡಿದಿತ್ತು. ಮಫ್ಲರಿನವನು ತನ್ನ ಅಂಗಡಿಯದನ್ನು ಕೈಗಡ ಕೊಟ್ಟ, ಕೆಲಸ ಮುಗಿದ ಮೇಲೆ ವಾಪಸ್ ಕೊಡಬೇಕು. ನಾವಿಬ್ಬರೂ ಜೊತೆಯಾಗಿ ಬಗ್ಗಿ ಒಳಗೆ ಬಂದದ್ದು ನೋಡಿ ಅವನು ಮಫ್ಲರ್ ಬಾಯಿಗೆ ಅಡ್ಡ ಹಿಡಿದುಕೊಂಡ.

ಪಂಚಿಂಗ್ ನೋಡಿ ಕಲಿತರಾಯಿತು ಎಂದು ಯಾವ ಧೈರ್ಯದ ಮೇಲೆ ಬರೆದೆನೋ. ಓರಗಿತ್ತಿ ಒಂದು ರೆಕ್ಕೆಗೆ ಇಡೀ ಬೆಳಗು ತೆಗೆದುಕೊಂಡಳು. ಗರಿ ಯಾವ ಕಡೆ ವಾಲಬೇಕು, ಹೊಲಿಗೆ ಎಲ್ಲಿ ತಿರುಗಬೇಕು, ಒಂದೊಂದಕ್ಕೂ ಯೋಚನೆ. ಕುರ್ಚಿ ಪಕ್ಕ ಕುರ್ಚಿ ಹಾಕಿಕೊಂಡು ನೋಡುತ್ತ ಕೂತೆ.

ಆಮೇಲೆ ಕೊಕ್ಕಿನ ಸರದಿ ಬಂತು.

"ಟೆನ್ಷನ್ ಒಂಚೂರು ಸಡಿಲ ಮಾಡಿ ನೋಡ್ತೀರಾ ಅಕ್ಕಾ?" ಎಂದಳು.

"ನೀನು ಕೊಕ್ಕಲ್ಲಿ ಒಂದಿಷ್ಟು ಹೊಲಿಗೆ ಕಡಿಮೆ ಮಾಡ್ತೀಯಾ?" ಎಂದೆ.

ಅವಳು ಮಾಡಿದಳು, ನಾನೂ ಮಾಡಿದೆ. ಮೆಷಿನ್ ಓಡಿತು. ಎಷ್ಟು ದಿನದ ಮೇಲೆ ಆ ಸದ್ದು! ನೆಲ ಗಡಗಡ ಎನ್ನುತ್ತಿತ್ತು, ಕೆಳಗಿನಿಂದ ಮೈದುನ ಓಡಿ ಬಂದು ಬಾಗಿಲಲ್ಲಿ ನಿಂತ. ಕೊಕ್ಕು ಉಗುರಿನಿಂದ ಕೆರೆದರೂ ಏಳಲಿಲ್ಲ. ಆವತ್ತು ಕೆಟ್ಟದ್ದು ಯಾವುದು, ಪಂಚಿಂಗೋ ಟೆನ್ಷನ್ನೋ, ಇನ್ನು ಗೊತ್ತಾಗುವ ಹಾಗಿಲ್ಲ. ಅವಳೂ ಕೇಳಲಿಲ್ಲ.

ಮಾರ್ಚ್ ೩೧, ಸೋಮವಾರ

ಬರೆಯಲು ಪುರಸೊತ್ತಿರಲಿಲ್ಲ. ನಿನ್ನೆ ಸಂಜೆ ಕೊನೆಯ ಕಂತು ಮುಗಿಯಿತು. ಇವತ್ತು ಸ್ಟೋರ್ ಮೇಡಂ ಬಂದು ಬ್ಯಾಡ್ಜುಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಕೊಕ್ಕನ್ನು ಎಳೆದು ನೋಡಿ, ಚೀಲಕ್ಕೆ ತುಂಬಿಕೊಂಡರು. ಅವರು ಇಳಿಯುವಾಗ ಮೆಷಿನ್ ಕೊಳ್ಳುವವನು ಇಬ್ಬರು ಆಳುಗಳ ಜೊತೆ, ಹಗ್ಗ ಹಿಡಿದು ಮೆಟ್ಟಿಲು ಹತ್ತುತ್ತಿದ್ದ. ಒಳಗೆ ಓರಗಿತ್ತಿ ಹೊಸದೊಂದು ಮಾದರಿ ಹೊಲಿಸಿ ನೋಡುತ್ತಿದ್ದ ಸದ್ದು ಕೇಳಿ ಅರ್ಧದಲ್ಲೇ ನಿಂತ. "ಓಡ್ತಾ ಇದೆಯಲ್ಲ!" ಎಂದ. ಓಡುತ್ತೆ ಎಂದೆ. ಇವರು ನನಗೆ ಕೊಟ್ಟ ಮಾತು ಉಳಿಸಿಕೊಂಡರು, ಅವನಿಗೆ ಕೈಮುಗಿದು ಕಳಿಸಿದರು.

ಮಧ್ಯಾಹ್ನ ಇವರೂ ಮೈದುನನೂ ಸೇರಿ ಮುಂದಿನ ಏರ್ಪಾಡಿನ ಬಗ್ಗೆ ಯೋಚನೆ ಮಾಡಿದ್ದಾರೆ. ಗಂಡಸರ ಯೋಚನೆ. "ಯಾರ ಸಾಮಾನು ಅವರವರ ಮನೇಲೇ ಇರ್ಲಿ," ಎಂದರು ಇವರು. "ಕಂಪ್ಯೂಟರ್ ಕೆಳಗೆ, ಮೆಷಿನ್ ಮೇಲೆ. ಉದ್ದನೆ ಕೇಬಲ್ ಸಿಗುತ್ತೆ, ಕೆಳಗಿನ ಕಿಟಕಿಯಿಂದ ಮೇಲಿನ ಕಿಟಕಿಗೆ ಎಳೆದುಬಿಟ್ರೆ ಆಯ್ತು. ಯಾರಿಗೂ ತೊಂದ್ರೆ ಇಲ್ಲ. ಮುಂದೆ ಮತ್ತೆ ಮಾತು ಬರೋದೂ ಬೇಡ." ಮೈದುನ ತಲೆಯಾಡಿಸಿದ. ಅತ್ತೆ ನನ್ನ ಮುಖ ನೋಡಿದರು. ತಂಗಿ, ಓರಗಿತ್ತಿಯನ್ನು ಈಗ ಹಾಗೇ ಕರೆಯುತ್ತೇನೆ, ದಾರದ ಉಂಡೆ ಸುತ್ತುತ್ತಿದ್ದಳು, ತಲೆ ಎತ್ತಲಿಲ್ಲ.

ಕೈಗಡದ ಕೇಬಲ್ ವಾಪಸ್ ಕೊಡಲು ಸಂಜೆ ನಾನೊಬ್ಬಳೇ ಅಂಗಡಿಗೆ ಹೋದೆ. ಮಫ್ಲರಿನವನು ಎರಡು ಬಗೆಯ ಕೇಬಲ್ ತೆಗೆದು ಮೇಜಿನ ಮೇಲಿಟ್ಟ. ಒಂದು ಕಿಟಕಿಯಿಂದ ಕಿಟಕಿಗೆ ಧಾರಾಳವಾಗಿ ಮುಟ್ಟುವಷ್ಟು ಉದ್ದ, ಸುರುಳಿ ಸುತ್ತಿತ್ತು. ಇನ್ನೊಂದು ನನ್ನ ಒಂದು ಮಾರಿನಷ್ಟೂ ಇಲ್ಲ. ಅದನ್ನು ಹಾಕಿದರೆ ಕಂಪ್ಯೂಟರ್ ಮೆಷಿನ್ನಿನ ಮಗ್ಗುಲಲ್ಲೇ ಇರಬೇಕು, ಕೂರುವವರೂ ಅಲ್ಲೇ ಬಂದು ಕೂರಬೇಕು.

"ಯಾವ್ದು ಕೊಡ್ಲಿ ಅಮ್ಮ?" ಎಂದ.

ಗಿಡ್ಡದನ್ನೇ ತಂದೆ.